ಕಸ ಹೋಗುತ್ತದೆ ಎಂದೆ

ಮೊದಲ ವಾರದ ತಟ್ಟೆಯನ್ನು ಒಬ್ಬ ಮನೆಯೊಡತಿ ಥಳಥಳ ಬೆಳಗಿ ಇಟ್ಟಿದ್ದಳು. "ಇಷ್ಟು ಹೊಲಸ ತಟ್ಟಿ ನಮ್ಮ ಮಾಳಿಗಿ ಮ್ಯಾಲ ಇಟ್ಟು ಹೋಗೀರಲ್ಲ ಬಾಯಿ, ನೋಡಾಕಾಗಲಿಲ್ಲ, ತಿಕ್ಕಿಬಿಟ್ಟೆ" ಎಂದು ನನ್ನ ಕೈಗೆ ಕೊಟ್ಟಳು. ವಾರದ ಕೆಲಸ ಬಚ್ಚಲಿಗೆ ಹರಿದುಹೋಗಿತ್ತು. ಅವಳು ಆಡಿದ್ದು ಮರಾಠಿ. ಆದರೆ ವಿಜಾಪುರದಲ್ಲಿ ಹುಟ್ಟಿ ಬೆಳೆದ ನನ್ನ ಕಿವಿಗೆ ಅಲ್ಲಿಯ ಹೆಂಗಸರ ಮಾತು ನಮ್ಮ ಓಣಿಯ ಮಾತಾಗಿಯೇ ಬೀಳುತ್ತಿತ್ತು. ಇಲ್ಲೂ ಹಾಗೆಯೇ ಬರೆಯುತ್ತೇನೆ. ಹಾಗೆ ಕೇಳಿಸಿಕೊಳ್ಳುವುದರಲ್ಲಿ ಎಂಥ ಅಪಾಯವಿದೆ ಎಂಬುದು ಮುಂದೆ ತಾನಾಗಿಯೇ ತಿಳಿಯುತ್ತದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ಗಂಡ ಓಝರದ ಹತ್ತಿರದ ವಿಮಾನ ಕಾರ್ಖಾನೆಯಲ್ಲಿದ್ದರು. ರಸಾಯನಶಾಸ್ತ್ರ ಓದಿಕೊಂಡಿದ್ದ ನನಗೆ ನಾಸಿಕದ ಒಂದು ಸಣ್ಣ ಸಲಹಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತ್ತು. ನಮಗೆ ಒಪ್ಪಿಸಿದ್ದ ಕೆಲಸ ಕೇಳಲು ಸರಳವಾಗಿತ್ತು. ಕಲ್ಲಿದ್ದಲು ಸುಟ್ಟು ಮಾಡುವ ಕರೆಂಟು, ಹೊಲದಲ್ಲಿ ಉಳಿಯುವ ಹತ್ತಿ ಕಟ್ಟಿಗೆ ಸುಟ್ಟು ಮಾಡುವ ಕರೆಂಟು, ಎರಡರಲ್ಲಿ ಯಾವುದು ಅಗ್ಗ? ಬಿಲ್ಲಿನಲ್ಲಿ ಕಾಣುವ ಖರ್ಚನ್ನು ಯಾರು ಬೇಕಾದರೂ ಕೂಡಿಸಿಯಾರು. ನಾವು ಕೂಡಿಸಬೇಕಾದದ್ದು ಬಿಲ್ಲಿನಲ್ಲಿ ಕಾಣದ ಖರ್ಚು. ಮರಾಠವಾಡದ ಕನ್ನಡ ಎಂಬ ತಾಲೂಕಿನಲ್ಲಿ ಕಟ್ಟಿಗೆಯ ಸ್ಥಾವರ ಕಟ್ಟಲು ಒಂದು ಕಂಪನಿ ತಯಾರಾಗಿತ್ತು. ನಮ್ಮ ಲೆಕ್ಕದಲ್ಲಿ ಅದು ಕಲ್ಲಿದ್ದಲಿಗಿಂತ ಅಗ್ಗವೆಂದು ಬಂದರೆ ಮಾತ್ರ ಅದಕ್ಕೆ ಸರಕಾರದ ಸಾಲ. ಬಾರದಿದ್ದರೆ ಕಲ್ಲಿದ್ದಲಿನ ಕಡೆಗೇ ಇನ್ನೊಂದು ಚಿಮಣಿ.

ತಟ್ಟೆಗಳು ಕಲ್ಲಿದ್ದಲಿನ ಪಾಲಿನವು. ನಾಸಿಕ ಜಿಲ್ಲೆಯ ಒಂದು ಸ್ಥಾವರದ ಗಾಳಿ ಬೀಸುವ ದಿಕ್ಕಿನ ಹಳ್ಳಿಗಳಲ್ಲಿ, ಮಾಳಿಗೆಗಳ ಮೇಲೆ ಅಗಲವಾದ ಸ್ಟೀಲಿನ ತಟ್ಟೆಗಳನ್ನಿಟ್ಟು ನೀರು ತುಂಬಿಸುತ್ತಿದ್ದೆವು. ಬಿದ್ದ ಬೂದಿ ಮತ್ತೆ ಹಾರಬಾರದೆಂದು ನೀರು. ಆರಿದಷ್ಟು ನೀರನ್ನು ಮನೆಯವರು ಹಾಕುತ್ತಿರಬೇಕು. ವಾರಕ್ಕೊಮ್ಮೆ ನಾನು ಹೋಗಿ ಅದನ್ನು ಶೀಶೆಗೆ ಬಗ್ಗಿಸಿ ತಂದು, ಕಾಗದದಲ್ಲಿ ಸೋಸಿ, ಒಣಗಿಸಿ, ತೂಗಬೇಕು. ಗಾಳಿಯ ಎದುರು ದಿಕ್ಕಿನ ಊರಲ್ಲೂ ಅಷ್ಟೇ ತಟ್ಟೆ, ಹೋಲಿಸಿ ನೋಡಲಿಕ್ಕೆ. ಒಂದು ಮನೆಯಲ್ಲಿ ಆಡು ನೀರು ಕುಡಿದು ಹೋಯಿತು. ಇನ್ನೊಂದರಲ್ಲಿ ಕಾಗೆ ಎಂಥದೋ ಮೂಳೆ ತಂದು ನೆನೆಹಾಕಿತ್ತು. ತಟ್ಟೆ ಬೆಳಗಿದವಳಿಗೆ ನಾನು ಕೈಮುಗಿದು, "ನಿಮ್ಮ ಪುಣ್ಯಾ ಬರ್ಲಿ, ಹೊಲಸಾದಷ್ಟೂ ಚಲೋ ಅದು, ಮುಟ್ಟಬ್ಯಾಡ್ರಿ" ಎಂದೆ. ಅವಳು ನನಗೆ ತಲೆ ನೆಟ್ಟಗಿಲ್ಲ ಎಂಬಂತೆ ನೋಡಿದಳು.

ಎರಡು ತಿಂಗಳಾಗುವಷ್ಟರಲ್ಲಿ ಲೆಕ್ಕ ಕೈಗೆ ಬಂತು, ಮತ್ತು ಅದು ಕೆಟ್ಟದಾಗಿತ್ತು. ಬಿಸಿಲಿಗೆ ಹಾಕಿದ ಸಂಡಿಗೆ ಬೂದುಬಣ್ಣಕ್ಕೆ ತಿರುಗುತ್ತಿತ್ತು. ದ್ರಾಕ್ಷಿಯ ಮೇಲೆ ಹುಟ್ಟುವಾಗಲೇ ಒಂದು ತೆಳುವಾದ ಬಿಳಿ ಪುಡಿ ಇರುತ್ತದೆ, ಅದೇ ಹಣ್ಣನ್ನು ಕಾಯುವುದು. ಮೇಲೆ ಬಿದ್ದ ಬೂದಿಯನ್ನು ತೊಳೆಯಹೋದರೆ ಅದೂ ತೊಳೆದುಹೋಗಿ ಗೊನೆ ಬೇಗ ಕೊಳೆಯುತ್ತಿತ್ತು. ತೊಳೆಯದಿದ್ದರೆ ವ್ಯಾಪಾರಿ ಮುಟ್ಟುತ್ತಿರಲಿಲ್ಲ. ಒಬ್ಬ ಮುದುಕಿ ತನ್ನ ಮೊಮ್ಮಗಳನ್ನು ನನ್ನ ಮುಂದೆ ನಿಲ್ಲಿಸಿ, "ಇದರ ಎದಿಗೊಮ್ಮೆ ಕಿವಿ ಹಚ್ಚು" ಎಂದಳು. ಹಚ್ಚಿದೆ. ಪಿಳ್ಳಂಗೋವಿ ಊದಿದಂತೆ ಕೇಳಿಸಿತು. ಇದನ್ನು ಯಾವ ಕಾಗದದಲ್ಲಿ ಸೋಸಲಿ ಎಂದು ನನಗೆ ಸಿಟ್ಟೇ ಬಂತು.

ನಮ್ಮ ಸಾಹೇಬರಿಗೆ ಮಾತ್ರ ಇದರಲ್ಲಿ ಹೊಸದೇನೂ ಇರಲಿಲ್ಲ. ಮೈಸೂರು ಕಡೆಯವರು, ವಯಸ್ಸಾದ ಇಂಜಿನಿಯರು. ಬೇರೆ ರಾಜ್ಯಗಳ ಕಲ್ಲಿದ್ದಲು ಬಾಯ್ಲರುಗಳ ಮುಂದೆ ಆಯುಷ್ಯ ಕಳೆದು, ಅಲ್ಲಿಂದ ಒಂದು ಕೆಮ್ಮು ತಂದಿದ್ದರು. "ನೋಡಮ್ಮ, ನಾನು ಸಾಯೋದ್ರೊಳಗೆ ಕಲ್ಲಿದ್ದಲಿಲ್ಲದೆ ಒಂದು ಊರಲ್ಲಿ ದೀಪ ಹತ್ತಿದ್ದು ನೋಡ್ಬೇಕು, ಅಷ್ಟೇ" ಎನ್ನುತ್ತಿದ್ದರು. ಕಟ್ಟಿಗೆಯ ಸ್ಥಾವರ ಗೆಲ್ಲಲಿ ಎಂಬ ಆಸೆ ಅವರಿಗೆ ಎಷ್ಟಿತ್ತೋ, ಆ ಎದೆಗೆ ಕಿವಿ ಹಚ್ಚಿದ ಮೇಲೆ ನನಗೂ ಅಷ್ಟೇ ಇತ್ತು.

ಹತ್ತಿ ಬಿಡಿಸಿ ಮುಗಿದ ಮೇಲೆ ಕನ್ನಡಕ್ಕೆ ಹೊರಟೆವು. ಈಗ ಛತ್ರಪತಿ ಸಂಭಾಜಿನಗರ ಎನ್ನುವ, ಆಗಿನ ಔರಂಗಾಬಾದಿನ ವಾಯವ್ಯಕ್ಕಿರುವ ಊರದು. ಮಾಲೇಗಾಂವ್ ದಾಟಿ, ಚಾಳೀಸಗಾಂವ್ ಕಡೆಯಿಂದ ಘಾಟು ಹತ್ತಬೇಕು. ಕಂಡಕ್ಟರು "ಕನ್ನಡ, ಕನ್ನಡ" ಎಂದು ಕೂಗಿದಾಗಲೆಲ್ಲ ಸಾಹೇಬರು ಕೂತಲ್ಲೇ "ಉಳಿಸಿ, ಬೆಳೆಸಿ" ಎನ್ನುತ್ತಿದ್ದರು. ಕನ್ನಡದಲ್ಲಿ ಒಂದು ನರಪಿಳ್ಳೆಗೂ ಕನ್ನಡ ಬರುತ್ತಿರಲಿಲ್ಲ. ಮಾಲೇಗಾಂವಿನಲ್ಲಿ ಚಹಕ್ಕೆ ಇಳಿದಾಗ ಕರೆಂಟು ಹೋಗಿತ್ತು. ಆ ಊರಿನ ಕರೆಂಟಿನ ಮಗ್ಗಗಳೆಲ್ಲ ನಿಂತು, ಕೆಲಸಗಾರರು ಚಹದಂಗಡಿಯ ಮುಂದೆ ಕೈಕಟ್ಟಿ ಕೂತಿದ್ದರು. ನಮ್ಮ ಕೆಲಸ ಏನೆಂದು ಕೇಳಿದ ಒಬ್ಬ, "ಕಲ್ಲಿದ್ದಲರೆ ಸುಡ್ರಿ, ಕಟ್ಟಿಗ್ಯರೆ ಸುಡ್ರಿ, ಮಗ್ಗ ನಡಿಬೇಕು ನೋಡ್ರಿ" ಎಂದ. ಅವನ ಮಾತೂ ಸುಳ್ಳಲ್ಲ.

ಹತ್ತಿ ಕಟ್ಟಿಗೆಗೆ ಅಲ್ಲಿ ಪರಾಟಿ ಎನ್ನುತ್ತಾರೆ. ಹಳ್ಳಿಯಿಂದ ಹಳ್ಳಿಗೆ ಹೋಗಿ ನಾವು ರೈತರಿಗೆ ಕೇಳುತ್ತಿದ್ದ ಪ್ರಶ್ನೆಗಳು ನಾಸಿಕದಲ್ಲಿ ತಯಾರಾಗಿದ್ದವು. ಪರಾಟಿ ಮಾರುತ್ತೀರಾ? ಇಲ್ಲ. ಕೊಳ್ಳುತ್ತೀರಾ? ಯಾರಾದರೂ ಪರಾಟಿ ಕೊಳ್ಳುತ್ತಾರೆಯೇ ಬಾಯಿ, ಎಂದು ನಗು. ಮಾರುವುದಿಲ್ಲ, ಕೊಳ್ಳುವುದಿಲ್ಲ ಎಂದಮೇಲೆ ಬೆಲೆ ಸೊನ್ನೆ. ಕಂಪನಿಯ ವರದಿಯಲ್ಲೂ ಅದನ್ನು ತ್ಯಾಜ್ಯ ಎಂದೇ ಬರೆದಿದ್ದರು. ಕೊನೆಯ ಪ್ರಶ್ನೆ, ಪರಾಟಿ ಒಯ್ದರೆ ನಿಮಗೇನು ಆಗುತ್ತದೆ ಎಂಬುದು. ಅದಕ್ಕೆ ಒಬ್ಬರಲ್ಲ, ಮೂರ್ನಾಲ್ಕು ಮಂದಿ ಹಿರಿಯರು ಒಂದೇ ಮಾತು ಹೇಳಿದರು. "ಜಮಿನೀಚಾ ಕಸ ಜಾತೋ."

ಜಮೀನಿನ ಕಸ ಹೋಗುತ್ತದೆ. ನಮ್ಮ ಕಡೆ ಹೊಲದ ಕಸ ಅಂದರೆ ಕಳೆ. ಸಾಹೇಬರ ಕಡೆ ಕಸ ಅಂದರೆ ಗುಡಿಸಿ ಹಾಕುವ ಕಸ. ಇಬ್ಬರಿಗೂ ಅರ್ಥವಾಯಿತು, ಇಬ್ಬರಿಗೂ ಖುಷಿಯಾಯಿತು. "ನೋಡಿದ್ಯೇನಮ್ಮ, ಹೊಲ ಕ್ಲೀನ್ ಆಗುತ್ತೆ ಅಂತ ಅವರೇ ಹೇಳ್ತಿದಾರೆ" ಎಂದು ಸಾಹೇಬರು ಬರೆಸಿದರು. ಕಾಣದ ಖರ್ಚಿನ ಜಾಗದಲ್ಲಿ ಕಾಣದ ಲಾಭ ಎಂದು ನಾನು ಬರೆದೆ. ಹೇಳುವಾಗ ಆ ಹಿರಿಯರ ಮುಖ ಯಾಕೆ ಅಷ್ಟು ಗಂಟಾಗಿತ್ತು ಎಂದು ಕೇಳಬೇಕೆನ್ನಿಸಲಿಲ್ಲ. ರೈತರ ಮುಖ ಯಾವಾಗಲೂ ಹಾಗೇ ಇರುತ್ತದೆ ಎಂದುಕೊಂಡೆ.

ಆಮೇಲೆ ಸಭೆ. ಸ್ಥಾವರ ಬರಬೇಕಿದ್ದ ಹಳ್ಳಿಯ ಶಾಲೆಯ ಜಗುಲಿಯ ಮೇಲೆ ನಾಲ್ಕು ಕುರ್ಚಿ. ಕಂಪನಿಯ ಮ್ಯಾನೇಜರು, ಸಾಹೇಬರು, ಶಾಲೆಯ ಮಾಸ್ತರರು, ನಾನು. ಅಂಗಳದಲ್ಲಿ ಗಂಡಸರು, ಗೋಡೆಯ ಹತ್ತಿರ ಹೆಂಗಸರು. ಮ್ಯಾನೇಜರು ಮುಂಬಯಿಯ ಹಿಂದಿಯಲ್ಲಿ ಉದ್ದಕ್ಕೆ ಮಾತಾಡಿದರು. ಜನ ಆಕಳಿಸಿದರು. ಸಾಹೇಬರು ನನ್ನ ಕಡೆ ವಾಲಿ, "ನೀನು ನಾಲ್ಕು ಮಾತು ಮರಾಠೀಲಿ ಹೇಳಮ್ಮ, ಅವರ ಭಾಷೇಲೇ ಹೇಳಿದ್ರೆ ಮನಸ್ಸಿಗೆ ಹೋಗುತ್ತೆ" ಎಂದರು. ತರಕಾರಿಯವಳ ಹತ್ತಿರ ಜಗಳವಾಡಿ ಕಲಿತ ಮರಾಠಿ ನನ್ನದು. ಹೆದರಿಕೆಯೇನೂ ಇರಲಿಲ್ಲ. ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಅವರದೇ ಮಾತನ್ನು ಅವರಿಗೇ ಒಪ್ಪಿಸುವ ಹುಮ್ಮಸ್ಸಿನಲ್ಲಿ ದೊಡ್ಡ ದನಿಯಲ್ಲಿ ಹೇಳಿದೆ:

"ಕಾರಖಾನಾ ಆಲಾ ಕೀ ತುಮಚ್ಯಾ ಜಮಿನೀಚಾ ಸಗಳಾ ಕಸ ಜಾಯಿಲ!"

ಕಾರ್ಖಾನೆ ಬಂದರೆ ನಿಮ್ಮ ಜಮೀನಿನ ಕಸವೆಲ್ಲ ಹೋಗುತ್ತದೆ. ಚಪ್ಪಾಳೆ ಬಂದೀತೆಂದು ನಿಂತೆ. ಒಬ್ಬ ಮುದುಕ ಬಾಯಿಗೆ ಹಾಕಹೊರಟ ತಂಬಾಕನ್ನು ಅಂಗೈಯಲ್ಲೇ ಹಿಡಿದು ನನ್ನನ್ನೇ ನೋಡಿದ. ಗೋಡೆಯ ಹತ್ತಿರದಿಂದ ಒಂದು ಹೆಣ್ಣುದನಿ ಬಂತು. "ಒಬ್ಬಾಕಿ ಬಂದಳ ನೋಡ್ರೆ ಖರೇ ಹೇಳಾಕಿ!"

ಆಮೇಲೆ ಎದ್ದ ಗದ್ದಲ ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಮ್ಯಾನೇಜರಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು ಅಂತ ಕಾಣುತ್ತದೆ, ಅವರ ಮುಖ ಬಿಳಚಿಕೊಂಡಿತ್ತು. ಮಾಸ್ತರರು ನನ್ನ ಕಿವಿಯ ಹತ್ತಿರ ಬಗ್ಗಿ, "ಬಾಯಿ, ಕಸ ಅಂದ್ರ ಏನಂತ ತಿಳಿದೀರಿ?" ಎಂದು ಕೇಳಿದರು. ಕಚರಾ, ಎಂದೆ. ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಕಸ ಅಂದ್ರ ತಾಕತ್ತು. ಭೂಮಿಯ ಜೀವ."

ಕಸುವು! ನಮ್ಮದೇ ಮಾತು, ಬಾಲ ಕತ್ತರಿಸಿಕೊಂಡು ಎದುರಿಗೆ ಬಂದು ನಿಂತಿತ್ತು, ನನಗೆ ಗುರುತು ಸಿಕ್ಕಿರಲಿಲ್ಲ. ನಿಮ್ಮ ಭೂಮಿಯ ಕಸುವೆಲ್ಲ ಹೋಗುತ್ತದೆ ಎಂದು, ಕಂಪನಿಯ ಕುರ್ಚಿಯಿಂದ ಎದ್ದು, ಎದೆ ಸೆಟೆಸಿ ಸಾರಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಾಹೇಬರಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಅವರು "ಅಯ್ಯೋ ದೇವ್ರೇ" ಎಂದು ಹಣೆಗೆ ಕೈಹಚ್ಚಿ ಕೂತರು.

ಸಭೆ ಮುರಿದ ಮೇಲೆ ಗೋಡೆಯ ಹತ್ತಿರದಿಂದ ಕೂಗಿದ್ದ ಹೆಂಗಸು ಬಂದು ನನ್ನ ಕೈ ಹಿಡಿದಳು. ನಡುವಯಸ್ಸಿನವಳು, ಹೊಲವಿಲ್ಲ, ಕೂಲಿ. ಎಲ್ಲರೂ ಅವಳನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. "ಬಾ, ನಮ್ಮನಿಗೆ ಬಾ, ಖರೇ ಮಾತಾಡಾಕಿಗೆ ಒಂದು ಕಪ್ಪು ಚಾನರೆ ಕುಡಿಸ್ತೀನಿ" ಎಂದಳು. ನಾನು ನಾಚಿಕೆಯಿಂದ, ಅದು ಖರೇ ಮಾತಲ್ಲ, ಬಾಯಿ ತಪ್ಪಿ ಬಂದದ್ದು ಎಂದು ಬಿಡಿಸಿ ಹೇಳಿದೆ. ಅವಳು ಸೆರಗು ಬಾಯಿಗಿಟ್ಟು ನಕ್ಕಳು, ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. "ತಪ್ಪಿ ಬಂದ್ರೇನಾತು? ನಿಮ್ಮಂಥವರ ಬಾಯಾಗ ಖರೇ ಮಾತು ತಪ್ಪಿನ ಬರಬೇಕು."

ಅವಳ ಗುಡಿಸಲಿನ ಹಿಂದೆ ಪರಾಟಿಯ ಬಣವೆ ಗುಡಿಸಲಿಗಿಂತ ಎತ್ತರಕ್ಕಿತ್ತು. ಹತ್ತಿ ಮುಗಿದ ಮೇಲೆ ಹೊಲ ಹಸನು ಮಾಡಲು ಪರಾಟಿ ಕೀಳಬೇಕಲ್ಲ, ಅದಕ್ಕೆ ಅಲ್ಲಿ ಕೂಲಿ ಕೊಡುವ ಪದ್ಧತಿಯೇ ಇರಲಿಲ್ಲ. ಯಾರು ಕೀಳುತ್ತಾರೋ ಪರಾಟಿ ಅವರದು. ಕಬ್ಬಿಣದ ಚಿಮಟಾ ಹಾಕಿ, ಸೊಂಟ ಬಗ್ಗಿಸಿ, ಬೇರುಸಹಿತ ಎಳೆದು, ಹೊರೆ ಕಟ್ಟಿ ಹೊತ್ತು ತಂದರೆ ಮಳೆಗಾಲ ದಾಟುವವರೆಗೂ ಒಲೆಗೆ ಚಿಂತೆಯಿಲ್ಲ. ಯಾರೂ ಮಾರುವುದಿಲ್ಲ, ಯಾರೂ ಕೊಳ್ಳುವುದಿಲ್ಲ. ನಮ್ಮ ಪ್ರಶ್ನೆಗಳಿಗೆ ಜನ ಸರಿಯಾಗಿಯೇ ಉತ್ತರ ಹೇಳಿದ್ದರು.

"ಇದು ಹೋದ್ರ?" ಎಂದು ಕೇಳಿದೆ.

"ಹೋದ್ರ ಕುಳ್ಳು ತಟ್ಟಬೇಕು, ಸೆಗಣಿ ಸುಡಬೇಕು. ಎಲ್ಲಾರೂ ಸೆಗಣಿ ಸುಟ್ಟರ ಹೊಲಕ್ಕ ಏನು ಹಾಕ್ತಾರ, ಅವರ ತಲಿ? ಅದನ್ನ ಅಲ್ಲೇನ ನೀ ಸಭಾದಾಗ ಹೇಳಿದ್ದು!" ಮತ್ತೆ ನಗು. ನಗು ನಿಂತ ಮೇಲೆ ಮಾತ್ರ ಅವಳ ದನಿ ಬೇರೆಯಾಯಿತು. "ನಂಗೂ ಲೈಟು ಬೇಕು ಬಾಯಿ. ಬ್ಯಾಡ ಅನ್ನಂಗಿಲ್ಲ. ಆದ್ರ ಲೈಟಿನ ಬೆಳಕಿನ್ಯಾಗ ಹಸೀ ಹಿಟ್ಟು ತಿನ್ಲೇನು? ಮದ್ಲ ನನ್ನ ಒಲಿ, ಆಮ್ಯಾಲ ಅವರ ಕಾರಖಾನಿ. ಹಂಗ ಬರಿ."

ಬರೆಯುತ್ತೇನೆ ಎಂದೆ.

ನಾಸಿಕಕ್ಕೆ ಬಂದ ಮಾರನೆಯ ದಿನವೇ ಸಾಹೇಬರು ಕರೆದರು. ಕಂಪನಿಯಿಂದ ಫೋನಿನ ಮೇಲೆ ಫೋನು ಬಂದಿತ್ತು. "ಭಾಷೆ ಗೊತ್ತಿಲ್ದೆ ತಪ್ಪು ಮಾತು ಬಂತು, ಊರಿನವರು ಅದನ್ನೇ ಹಿಡ್ಕೊಂಡ್ರು ಅಂತ ಎರಡು ಸಾಲು ಬರೆದುಕೊಡಮ್ಮ. ಮುಗಿದುಹೋಗುತ್ತೆ."

"ತಪ್ಪು ಮಾತು ಹೌದ್ರಿ ಸರ. ಸುಳ್ಳು ಮಾತಲ್ಲ."

"ಅದು ನಂಗೂ ಗೊತ್ತಮ್ಮ." ಅವರಿಗೆ ಕೆಮ್ಮು ಹತ್ತಿತು. ನೀರು ಕುಡಿದು ಸುಧಾರಿಸಿಕೊಂಡು ಮೆಲ್ಲಗೆ ಹೇಳಿದರು: "ನಿನ್ನ ತಟ್ಟೆಗಳಲ್ಲಿ ಬಿದ್ದಿದ್ದನ್ನ ನೀನೇ ತೂಗಿದೀಯ. ಇದು ನಿಂತುಹೋದ್ರೆ ಅಲ್ಲಿ ಇನ್ನೊಂದು ಚಿಮಣಿ ಏಳುತ್ತೆ. ಆ ಮಗು ಮನೆ ಮೇಲೆ ಹೋಗಿ ಇನ್ನೊಂದು ತಟ್ಟೆ ಇಟ್ಟು ಬರ್ತೀಯಾ?"

ಮನೆಗೆ ಬಂದು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಒಂದು ಕಡೆ ಆ ಹುಡುಗಿಯ ಎದೆ, ಇನ್ನೊಂದು ಕಡೆ ಮಾವಶಿಯ ಒಲೆ. ಯಾರನ್ನು ಕೈಬಿಡಲಿ? ಗಂಡ, "ನಿನ್ನನ್ನ ಯಾರು ನ್ಯಾಯಾಧೀಶಳನ್ನ ಮಾಡ್ಯಾರ, ತೂಗೂದು ನಿನ್ನ ಕೆಲಸ, ತೂಗು" ಎಂದರು. ಚೇಷ್ಟೆಗೆ ಅಂದದ್ದು. ಆದರೆ ಅದರಿಂದಲೇ ದಾರಿ ಸಿಕ್ಕಿತು.

ಎರಡು ಸಾಲು ಬರೆದುಕೊಡಲಿಲ್ಲ. ಬದಲಿಗೆ ಪರಾಟಿಯ ಲೆಕ್ಕವನ್ನು ಮೊದಲಿನಿಂದ ಮಾಡುತ್ತೇನೆ, ಅವಕಾಶ ಕೊಡಿ ಎಂದೆ. ಸಾಹೇಬರು, "ಮಾಡು. ಆದ್ರೆ ಬಂದ ಲೆಕ್ಕ ನಾವಿಬ್ರೂ ಒಪ್ಕೋಬೇಕು" ಎಂದರು.

ಮತ್ತೆ ಆ ಹಳ್ಳಿ. ಹೊಲವಿದ್ದ ಮನೆ, ಇಲ್ಲದ ಮನೆ ಎರಡೂ ಬರುವಂತೆ ಕೆಲವು ಒಲೆಗಳನ್ನು ಆರಿಸಿಕೊಂಡೆ. ಬೆಳಿಗ್ಗೆ ಹೊರೆ ತೂಗಿ ಕೊಡುವುದು, ಸಂಜೆ ಉಳಿದದ್ದನ್ನು ತೂಗುವುದು. ಮೊದಲ ದಿನಗಳ ಲೆಕ್ಕ ದಂಡವಾಯಿತು, ಯಾಕೆಂದರೆ ತೂಗುವ ಬಾಯಿ ಬಂದಿದ್ದಾಳೆಂದು ಎಲ್ಲರೂ ಜಿಪುಣತನದಿಂದ ಅಡುಗೆ ಮಾಡುತ್ತಿದ್ದರು. ಮಾವಶಿಯೇ ಗದರಿಸಿ ಸರಿಮಾಡಿದಳು. ಆಮೇಲೆ ಅದೇ ಅಡುಗೆಯನ್ನು ಕುಳ್ಳಿನಿಂದ ಮಾಡಿಸಿ ಎಷ್ಟು ಸೆಗಣಿ ಸುಟ್ಟಿತು ಎಂದು ತೂಗಿದೆ. ಅಷ್ಟು ಸೆಗಣಿ ಗೊಬ್ಬರವಾಗಿ ಹೊಲಕ್ಕೆ ಹೋಗಿದ್ದರೆ ಏನಾಗುತ್ತಿತ್ತು ಎಂದು ತಿಳಿಯಬೇಕಲ್ಲ. ಗೊಬ್ಬರ ಕಂಡ ಹೊಲ, ಕಾಣದ ಹೊಲ ಎರಡರಿಂದಲೂ ಮಣ್ಣು ಅಗೆದು, ನೆರಳಲ್ಲಿ ಒಣಗಿಸಿ, ಚೀಲ ಕಟ್ಟಿ ಔರಂಗಾಬಾದಿನ ಪ್ರಯೋಗಾಲಯಕ್ಕೆ ಒಯ್ದೆ. ಬಸ್ಸಿನ ಮೇಲೆ ಹಾಕಿದ್ದ ಚೀಲಗಳು ಅಕಾಲದ ಮಳೆಗೆ ನೆನೆದು ಚೀಟಿಗಳ ಶಾಯಿ ಹರಡಿತು, ಯಾವುದು ಯಾವ ಹೊಲದ್ದು ತಿಳಿಯದಾಯಿತು. ಬಸ್‌ಸ್ಟ್ಯಾಂಡಿನಲ್ಲೇ ಕೂತು ಅತ್ತುಬಿಟ್ಟೆ. ಮತ್ತೆ ಹೋಗಿ ಮತ್ತೆ ಅಗೆದೆ. ಹಿರಿಯರು ಹೇಳಿದ್ದು ಮಣ್ಣಿನಲ್ಲೂ ಕಂಡಿತು, ಗೊಬ್ಬರ ತಪ್ಪಿದ ಹೊಲ ಸೊರಗಿತ್ತು.

ಬೆಲೆ ಕಟ್ಟುವುದು ಉಳಿಯಿತು. ಬೆಲೆ ಬರೆಯದಿದ್ದರೆ ಲೆಕ್ಕದಲ್ಲಿ ಅದು ಸೊನ್ನೆಯೇ, ಮಾವಶಿಯ ಒಲೆ ಇಲ್ಲವೇ ಇಲ್ಲ. ಆದ್ದರಿಂದ ಬರೆದೆ. ಸುಟ್ಟ ಸೆಗಣಿಗೆ ಬದಲು ಕೊಳ್ಳಬೇಕಾದ ಗೊಬ್ಬರದ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಪರಾಟಿಗೆ ಒಂದು ಬೆಲೆ ಕಟ್ಟಿದೆ. ಹೆಮ್ಮೆಯಿಂದಲೇ ಕಟ್ಟಿದೆ ಎಂದರೂ ತಪ್ಪಿಲ್ಲ. ಎಲ್ಲ ಕೂಡಿಸಿದಾಗ ಕಟ್ಟಿಗೆಯ ಕರೆಂಟು ನಾವು ತಿಳಿದಷ್ಟು ಅಗ್ಗವಲ್ಲ, ಆದರೆ ಬೂದಿ, ದ್ರಾಕ್ಷಿ, ಎದೆ ಎಲ್ಲ ಸೇರಿದ ಕಲ್ಲಿದ್ದಲಿಗಿಂತ ಈಗಲೂ ಸ್ವಲ್ಪ ಕಡಿಮೆ ಎಂದು ಬಂತು. ಒಂದು ಶರತ್ತಿನ ಮೇಲೆ: ಊರಿನ ಒಲೆಗಳ ಪಾಲನ್ನು ಮೊದಲು ಬಿಟ್ಟು, ಮಿಕ್ಕಿದ್ದನ್ನು ಮಾತ್ರ ಕಂಪನಿ ಒಯ್ಯಬೇಕು. ಸಾಹೇಬರು ಓದಿ ಮುಗಿಸಿ, ಕನ್ನಡಕ ತೆಗೆದು, "ಇಬ್ರನ್ನೂ ಉಳಿಸಿದ್ಯಲ್ಲಮ್ಮ" ಎಂದರು. ಆ ರಾತ್ರಿ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಸಾಲ ಮಂಜೂರಾಯಿತು. ಸರಕಾರದ ಆದೇಶದಲ್ಲಿ ನಮ್ಮ ವರದಿಯ ಒಂದು ಅಂಶವನ್ನು ಎತ್ತಿಕೊಂಡಿದ್ದರು: ಪರಾಟಿಯನ್ನು ತ್ಯಾಜ್ಯವೆಂದು ಭಾವಿಸದೆ ಕಂಪನಿಯು ಸೂಕ್ತ ಬೆಲೆ ಕೊಟ್ಟು ಖರೀದಿಸತಕ್ಕದ್ದು. ಒಲೆಗಳ ಪಾಲಿನ ಸಾಲನ್ನು ಹುಡುಕಿದೆ, ಇರಲಿಲ್ಲ. ಸಾಹೇಬರು ಎರಡು ಸಲ ಪತ್ರ ಬರೆದರು. ಬೆಲೆ ಕೊಡಲು ಒಪ್ಪಿದ ಮೇಲೆ ಮತ್ತೇನು ತಕರಾರು ಎಂದು ಉತ್ತರ ಬಂತು.

ಎರಡು ವರ್ಷದ ಮೇಲಿನ ಹಂಗಾಮಿಗೆ ಸ್ಥಾವರ ನಡೆಯತೊಡಗಿತ್ತು. ಮಣ್ಣಿನ ಇನ್ನೊಂದು ಸುತ್ತಿನ ಪರೀಕ್ಷೆಗೆಂದು ನಾನು ಹೋದೆ. ಊರ ಹೊರಗಿನ ಹೊಲದಲ್ಲಿ ಹೆಂಗಸರು ಸಾಲಾಗಿ ಪರಾಟಿ ಕೀಳುತ್ತಿದ್ದರು, ಬದುವಿನ ಹತ್ತಿರ ಟ್ರ್ಯಾಕ್ಟರಿನ ಟ್ರೇಲರು ನಿಂತಿತ್ತು. ಹೊಲದ ಮಾಲೀಕ ಮರದ ನೆರಳಲ್ಲಿ ನಿಂತು ಹೊರೆ ಎಣಿಸುತ್ತಿದ್ದ. ಮಾವಶಿ ನನ್ನನ್ನು ಕಂಡು ಚಿಮಟಾ ಕೆಳಗಿಟ್ಟಳು. "ಬಂದೆಲ್ಲಾ ಬಾಯಿ" ಎಂದು ನಕ್ಕಳು. ಮುಖ ಇಳಿದಿತ್ತು.

ಈ ಹೊರೆ ಯಾರದೆಂದು ಕೇಳಿದೆ. ಮಾಲೀಕನದು. ಕಂಪನಿ ಅವನಿಗೆ ಬೆಲೆ ಕೊಡುತ್ತದೆ, ಅವನು ಇವರಿಗೆ ಕೀಳುವ ಕೂಲಿ ಕೊಡುತ್ತಾನೆ. ಒಂದು ಕಡ್ಡಿಯನ್ನೂ ಮನೆಗೆ ಒಯ್ಯುವಂತಿಲ್ಲ. ನಿನ್ನೆ ಒಬ್ಬಾಕೆ ಸೆರಗಿನಲ್ಲಿ ನಾಲ್ಕು ಬೇರು ಕಟ್ಟಿಕೊಂಡಳೆಂದು ಕೂಲಿ ಮುರಿದುಕೊಂಡಿದ್ದ.

"ನಾ ಬರದಿದ್ದೆ ಮಾವಶಿ, ಮದ್ಲ ನಿಮ್ಮ ಒಲಿ ಅಂತ. ಅದನ್ನ ತಗದುಬಿಟ್ಟಾರ. ಬೆಲಿ ಅಷ್ಟ ಇಟ್ಕೊಂಡಾರ."

"ಬೆಲಿ ಬರದಾಕಿ ನೀನೇನು?"

ಹೂಂ ಎಂದೆ. ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು. ತಿಳಿಯದವಳಿಗೆ ತಿಳಿಹೇಳುವ ದನಿಯಲ್ಲಿ ಹೇಳಿದಳು: "ಬೆಲಿ ಇಲ್ಲಂತ ಅಲ್ಲೇನ ನಮಗ ಬಿಟ್ಟಿದ್ರು. ಬೆಲಿ ಇದ್ದದ್ದು ನಮ್ಮ ಮನಿಗೆ ಯಾವಾಗ ಬಂದೈತಿ ಬಾಯಿ?"

ಮಾಲೀಕ ಅತ್ತಲಿಂದ ಕೂಗಿದ. ಅವಳು ಬಗ್ಗಿ ಹೊರೆಗೆ ಕೈಹಾಕಿದಳು. ಒಬ್ಬಳಿಂದ ಏಳಲಿಲ್ಲ. "ಹಿಡಿ ಒಂಚೂರು" ಎಂದಳು. ನಾನು ಚೀಲ ಕೆಳಗಿಟ್ಟು ಆ ಕಡೆಯಿಂದ ಹಿಡಿದೆ. ಇಬ್ಬರೂ ಸೇರಿ ಎತ್ತಿ ಕಂಪನಿಯ ಟ್ರೇಲರಿಗೆ ಹಾಕಿದೆವು.